ಸುನಿಲ್ ಚೆಟ್ರಿ ಅವರ ಮರುಪ್ರವೇಶ ಮತ್ತು ಭಾರತ ಫುಟ್‌ಬಾಲ್ ತಂಡದ ಆಯ್ಕೆ ಚರ್ಚೆ (2025)

2027ರ ಎಎಫ್‌ಸಿ ಏಷ್ಯನ್ ಕಪ್‌ನ ಅರ್ಹತಾ ಪಂದ್ಯಗಳಿಗೆ ಮುನ್ನ, 2025ರ ಮಾರ್ಚ್ 6ರಂದು, ನಿವೃತ್ತರಾಗಿದ್ದ ಮುಂಪಡೆ ಆಟಗಾರ ಸುನಿಲ್ ಚೆಟ್ರಿ ಅವರು ಭಾರತ ಪುರುಷರ ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಮರಳುವುದನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಪ್ರಕಟಿಸಿತು. ಆಗ ಬೆಂಗಳೂರು ಎಫ್‌ಸಿ ಆಟಗಾರರಾಗಿದ್ದ ಅವರಿಗೆ 40 ವರ್ಷ ವಯಸ್ಸಾಗಿತ್ತು. ಈ ನಿರ್ಧಾರವು ತಂಡದ ಆಯ್ಕೆಯ ಕುರಿತು ದೇಶದ ಫುಟ್‌ಬಾಲ್ ಅಭಿಮಾನಿಗಳ ನಡುವೆ ದೀರ್ಘ ಚರ್ಚೆಗೆ ಕಾರಣವಾಯಿತು. ಚೆಟ್ರಿ ಅವರ ಕ್ಲಬ್‌ನ ತವರೂರಾದ ಬೆಂಗಳೂರಿಗೆ ಈ ಚರ್ಚೆ ವಿಶೇಷವಾಗಿ ಸಂಬಂಧಿಸಿತ್ತು. ಒಬ್ಬ ಆಟಗಾರನ ವಯಸ್ಸಿನ ಪ್ರಶ್ನೆಯಾಗಿ ಆರಂಭವಾದ ಚರ್ಚೆಯು ಕ್ರಮೇಣ ಭಾರತದ ಮುಂಪಡೆ ಆಟಗಾರರಿಗೆ ದೇಶದ ಲೀಗ್‌ನಲ್ಲಿ ಆಡಲು ಎಷ್ಟು ಅವಕಾಶ ದೊರೆಯುತ್ತಿದೆ ಎಂಬ ಪ್ರಶ್ನೆಯಾಗಿ ವಿಸ್ತರಿಸಿತು. 2025ರ ಅಕ್ಟೋಬರ್‌ನಲ್ಲಿ ಭಾರತವು ಅರ್ಹತೆಯ ಸ್ಪರ್ಧೆಯಿಂದ ಹೊರಬಿದ್ದ ನಂತರ ಚೆಟ್ರಿ ಅವರು ಅಂತರರಾಷ್ಟ್ರೀಯ ಫುಟ್‌ಬಾಲ್‌ನಿಂದ ಎರಡನೆಯ ಬಾರಿ ದೂರ ಸರಿದರು.

ಹಿನ್ನೆಲೆ

ಸುನಿಲ್ ಚೆಟ್ರಿ ಅವರು 1984ರ ಆಗಸ್ಟ್ 3ರಂದು ಸಿಕಂದರಾಬಾದ್‌ನಲ್ಲಿ ಜನಿಸಿದರು. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ನಡೆದ ಪಂದ್ಯದ ಮೂಲಕ ರಾಷ್ಟ್ರೀಯ ತಂಡವನ್ನು ಪ್ರವೇಶಿಸಿ, ಅದೇ ಪಂದ್ಯದಲ್ಲಿ ಗೋಲು ಗಳಿಸಿದರು. ಮುಂದಿನ 19 ವರ್ಷಗಳ ಅವಧಿಯಲ್ಲಿ ಅವರು ಭಾರತದ ಪರ ಅತಿ ಹೆಚ್ಚು ಪಂದ್ಯಗಳನ್ನಾಡಿದ ಮತ್ತು ಅತಿ ಹೆಚ್ಚು ಗೋಲು ಗಳಿಸಿದ ಆಟಗಾರರಾದರು. 2013ರಲ್ಲಿ ಬೆಂಗಳೂರು ಎಫ್‌ಸಿ ಸ್ಥಾಪನೆಯಾದ ವರ್ಷವೇ ಆ ಕ್ಲಬ್ ಸೇರಿದ ಅವರ ಹೆಸರು ಬೆಂಗಳೂರು ನಗರದೊಂದಿಗೆ ಬೆಸೆದುಕೊಂಡಿದೆ.

2024ರ ಮೇ 16ರಂದು ಚೆಟ್ರಿ ಅವರು ತಮ್ಮ ನಿವೃತ್ತಿಯನ್ನು ಘೋಷಿಸಿದರು. 2024ರ ಜೂನ್ 6ರಂದು ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ನಡೆದ ವಿಶ್ವಕಪ್ ಅರ್ಹತಾ ಪಂದ್ಯ ಅವರ ವಿದಾಯದ ಪಂದ್ಯವಾಯಿತು. ಗೋಲುರಹಿತ ಡ್ರಾದಲ್ಲಿ ಮುಗಿದ ಆ ಪಂದ್ಯದ ವೇಳೆಗೆ ಅವರು 151 ಪಂದ್ಯಗಳಲ್ಲಿ 94 ಗೋಲು ಗಳಿಸಿದ್ದರು. ಪುರುಷರ ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಆಗ ಕ್ರಿಸ್ಟಿಯಾನೊ ರೊನಾಲ್ಡೊ, ಲಿಯೋನೆಲ್ ಮೆಸ್ಸಿ ಮತ್ತು ಇರಾನಿನ ಅಲಿ ದಾಯಿ ಅವರು ಮಾತ್ರ ಇದಕ್ಕಿಂತ ಹೆಚ್ಚು ಗೋಲು ಗಳಿಸಿದ್ದರು.

ಐದು ದಿನಗಳ ನಂತರ, ಜೂನ್ 11ರಂದು, ದೋಹಾದಲ್ಲಿ ಕತಾರ್ ವಿರುದ್ಧ ಭಾರತ 1–2ರಿಂದ ಸೋತಿತು. ಲಾಲಿಯಾಂಜುವಾಲಾ ಚಾಂಗ್ಟೆ ಅವರ ಗೋಲಿನಿಂದ ಭಾರತ ಮುನ್ನಡೆ ಪಡೆದಿತ್ತು. ಚೆಂಡು ಗೆರೆ ದಾಟಿ ಹೊರಗೆ ಹೋದಂತೆ ಕಂಡ ಬಳಿಕ ಕತಾರ್ ಗಳಿಸಿದ ಸಮಬಲದ ಗೋಲು ತೀವ್ರ ವಿವಾದಕ್ಕೆ ಗುರಿಯಾಯಿತು. ಈ ಸೋಲಿನಿಂದ ಭಾರತವು ವಿಶ್ವಕಪ್ ಅರ್ಹತೆಯ ಮೂರನೆಯ ಸುತ್ತನ್ನು ತಲುಪಲಿಲ್ಲ. ಮುಖ್ಯ ತರಬೇತುದಾರ ಇಗೋರ್ ಸ್ಟಿಮಾಚ್ ಅವರನ್ನು ಅದೇ ತಿಂಗಳು ಹುದ್ದೆಯಿಂದ ತೆಗೆಯಲಾಯಿತು. ಜುಲೈನಲ್ಲಿ ಸ್ಪೇನ್‌ನ ಮನೋಲೊ ಮಾರ್ಕ್ವೆಜ್ ಅವರು ನೇಮಕಗೊಂಡರು. ಅವರು 2024–25ರ ಋತುವಿನಲ್ಲಿ ಎಫ್‌ಸಿ ಗೋವಾ ಕ್ಲಬ್‌ನ ತರಬೇತುದಾರರಾಗಿಯೂ ಮುಂದುವರಿದರು.

ಗೋಲುಗಳ ಕೊರತೆ

2024ರಲ್ಲಿ ಭಾರತ 11 ಪಂದ್ಯಗಳನ್ನಾಡಿ ಒಂದನ್ನೂ ಗೆಲ್ಲಲಿಲ್ಲ. ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ್ ಮತ್ತು ಸಿರಿಯಾ ವಿರುದ್ಧ ಆಡಿದ ಮೂರೂ ಪಂದ್ಯಗಳಲ್ಲಿ ಗೋಲು ಗಳಿಸದೆ ಸೋತಿತು. ಇಡೀ ವರ್ಷದಲ್ಲಿ ತಂಡ ಗಳಿಸಿದ ಗೋಲುಗಳು ನಾಲ್ಕು ಮಾತ್ರ:

* ಮಾರ್ಚ್ 26, ಗುವಾಹಟಿ, ಅಫ್ಘಾನಿಸ್ತಾನದ ವಿರುದ್ಧ: ಸುನಿಲ್ ಚೆಟ್ರಿ (ಪೆನಾಲ್ಟಿ). ಇದು ಅವರ 150ನೆಯ ಅಂತರರಾಷ್ಟ್ರೀಯ ಪಂದ್ಯ. ಭಾರತ 1–2ರಿಂದ ಸೋತಿತು.
* ಜೂನ್ 11, ದೋಹಾ, ಕತಾರ್ ವಿರುದ್ಧ: ಲಾಲಿಯಾಂಜುವಾಲಾ ಚಾಂಗ್ಟೆ.
* ಅಕ್ಟೋಬರ್, ವಿಯೆಟ್ನಾಂ ವಿರುದ್ಧದ 1–1 ಡ್ರಾ: ಫಾರೂಖ್ ಚೌಧರಿ.
* ನವೆಂಬರ್ 18, ಹೈದರಾಬಾದ್, ಮಲೇಷ್ಯಾ ವಿರುದ್ಧದ 1–1 ಡ್ರಾ: ರಾಹುಲ್ ಭೇಕೆ.

ಈ ನಾಲ್ವರಲ್ಲಿ ಚಾಂಗ್ಟೆ ಅವರು ಅಂಚಿನಲ್ಲಿ ಆಡುವ ವಿಂಗರ್, ಬೆಂಗಳೂರು ಎಫ್‌ಸಿಯ ಭೇಕೆ ಅವರು ರಕ್ಷಣಾ ಆಟಗಾರ. ಚೆಟ್ರಿ ಅವರು ನಿವೃತ್ತರಾದ ನಂತರದ ಐದು ಪಂದ್ಯಗಳಲ್ಲಿ ತಂಡ ಗಳಿಸಿದ್ದು ಮೂರು ಗೋಲು. ಅವರ ಜಾಗವನ್ನು ತುಂಬುವ ಆಟಗಾರ ಯಾರು ಎಂಬ ಪ್ರಶ್ನೆಗೆ ವರ್ಷದ ಕೊನೆಯವರೆಗೂ ಉತ್ತರ ದೊರೆಯಲಿಲ್ಲ.

ಇದೇ ಅವಧಿಯಲ್ಲಿ ಚೆಟ್ರಿ ಅವರು ಕ್ಲಬ್ ಮಟ್ಟದಲ್ಲಿ ಯಶಸ್ಸು ಕಂಡರು. 2024ರ ಡಿಸೆಂಬರ್ 7ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಮೂರು ಗೋಲು ಗಳಿಸಿ, ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಹ್ಯಾಟ್ರಿಕ್ ಸಾಧಿಸಿದ ಅತಿ ಹಿರಿಯ ಆಟಗಾರರಾದರು. ಆಗ ಅವರ ವಯಸ್ಸು 40 ವರ್ಷ 126 ದಿನ. ಆ ಋತುವಿನಲ್ಲಿ ಒಟ್ಟು 14 ಗೋಲು ಗಳಿಸಿದ ಅವರು ಭಾರತೀಯ ಆಟಗಾರರ ಪೈಕಿ ಮೊದಲಿಗರಾಗಿದ್ದರು.

ಆಯ್ಕೆಯ ವಿಧಾನ

ರಾಷ್ಟ್ರೀಯ ತಂಡದ ಆಟಗಾರರನ್ನು ಮುಖ್ಯ ತರಬೇತುದಾರರು ಆರಿಸುತ್ತಾರೆ. ಮೊದಲು ಸಂಭವನೀಯ ಆಟಗಾರರ ಪಟ್ಟಿಯನ್ನು ಪ್ರಕಟಿಸಿ ತರಬೇತಿ ಶಿಬಿರ ನಡೆಸಲಾಗುತ್ತದೆ. ನಂತರ ಪಂದ್ಯಕ್ಕೆ ಗರಿಷ್ಠ 23 ಆಟಗಾರರ ಪಟ್ಟಿಯನ್ನು ಅಂತಿಮಗೊಳಿಸಲಾಗುತ್ತದೆ. ಈ ಆಯ್ಕೆಗೆ ಮೂರು ಮುಖ್ಯ ಮಿತಿಗಳಿವೆ.

ಮೊದಲನೆಯದು ಕ್ಲಬ್‌ಗಳ ಒಪ್ಪಿಗೆ. ಫಿಫಾ ನಿಗದಿಪಡಿಸಿದ ಅಂತರರಾಷ್ಟ್ರೀಯ ಪಂದ್ಯಗಳ ಅವಧಿಯಲ್ಲಿ ಆಟಗಾರರನ್ನು ಬಿಟ್ಟುಕೊಡುವುದು ಕ್ಲಬ್‌ಗಳ ಕರ್ತವ್ಯ. ಆ ಅವಧಿಯ ಹೊರಗೆ ಅಂತಹ ಕಡ್ಡಾಯವಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಸಂದರ್ಭದಲ್ಲಿ ಈ ಕಾರಣದಿಂದಲೇ ಹಲವು ಪ್ರಮುಖ ಆಟಗಾರರು ದೊರೆಯಲಿಲ್ಲ. ಚೆಟ್ರಿ ಅವರು ಸೇರಿದ್ದ ದುರ್ಬಲ ತಂಡವು ಮೊದಲ ಪಂದ್ಯದಲ್ಲಿ ಚೀನಾ ಎದುರು 1–5ರಿಂದ ಸೋತಿತು. ಬಾಂಗ್ಲಾದೇಶದ ವಿರುದ್ಧ ಚೆಟ್ರಿ ಅವರ ಪೆನಾಲ್ಟಿ ಗೋಲಿನಿಂದ ಗೆದ್ದು ಮುಂದಿನ ಸುತ್ತು ತಲುಪಿತಾದರೂ ಅಲ್ಲಿ ಸೌದಿ ಅರೇಬಿಯಾಕ್ಕೆ ಮಣಿಯಿತು.

ಎರಡನೆಯದು ಪೌರತ್ವ. ಭಾರತದ ಕಾನೂನು ಉಭಯ ಪೌರತ್ವವನ್ನು ಮಾನ್ಯ ಮಾಡುವುದಿಲ್ಲ. ಸಾಗರೋತ್ತರ ಭಾರತೀಯ ನಾಗರಿಕ ಎಂಬ ಚೀಟಿ ಹೊಂದಿದವರಿಗೂ ಭಾರತದ ಪಾಸ್‌ಪೋರ್ಟ್ ಇರುವುದಿಲ್ಲವಾದ್ದರಿಂದ ಅವರು ದೇಶವನ್ನು ಪ್ರತಿನಿಧಿಸಲಾರರು. ವಿದೇಶದಲ್ಲಿ ಹುಟ್ಟಿ ಬೆಳೆದ ಭಾರತ ಮೂಲದ ಆಟಗಾರನು ಭಾರತದ ಪರ ಆಡಬೇಕಾದರೆ ತನ್ನ ಮೊದಲಿನ ಪೌರತ್ವವನ್ನು ತ್ಯಜಿಸಬೇಕಾಗುತ್ತದೆ. ಜಪಾನಿನಲ್ಲಿ ಜನಿಸಿದ ಇಜುಮಿ ಅರಾಟಾ ಅವರು ಹೀಗೆ ಭಾರತದ ಪೌರತ್ವ ಪಡೆದು 2013ರಲ್ಲಿ ರಾಷ್ಟ್ರೀಯ ತಂಡದಲ್ಲಿ ಆಡಿದ್ದರು.

ಮೂರನೆಯ ಮಿತಿ ಲೀಗ್‌ನ ಸ್ವರೂಪದ್ದು. ಐಎಸ್‌ಎಲ್ ಆರಂಭವಾದ 2014ರಲ್ಲಿ ಒಂದು ತಂಡವು ಏಕಕಾಲಕ್ಕೆ ಆರು ವಿದೇಶಿ ಆಟಗಾರರನ್ನು ಮೈದಾನಕ್ಕಿಳಿಸಬಹುದಿತ್ತು. 2017–18ರಲ್ಲಿ ಈ ಸಂಖ್ಯೆ ಐದಕ್ಕೆ ಮತ್ತು 2021–22ರಲ್ಲಿ ನಾಲ್ಕಕ್ಕೆ ಇಳಿಯಿತು. ಆದರೆ ಹೆಚ್ಚಿನ ಕ್ಲಬ್‌ಗಳು ಈ ನಾಲ್ಕರಲ್ಲಿ ಒಂದು ಸ್ಥಾನವನ್ನು ಮುಂಪಡೆಯ ನಡು ಆಟಗಾರನಿಗೆ ಮೀಸಲಿಡುತ್ತವೆ. ಇದರಿಂದ ಭಾರತೀಯ ಮುಂಪಡೆ ಆಟಗಾರರು ಅಂಚಿಗೆ ಸರಿಯುತ್ತಾರೆ ಅಥವಾ ಬದಲಿ ಆಟಗಾರರಾಗಿ ಉಳಿಯುತ್ತಾರೆ. 2014ರಿಂದ 2024–25ರವರೆಗಿನ ಹನ್ನೊಂದು ಋತುಗಳಲ್ಲಿ ಲೀಗ್‌ನ ಅತಿ ಹೆಚ್ಚು ಗೋಲು ಗಳಿಕೆಯ ಪ್ರಶಸ್ತಿ ಪ್ರತಿ ಬಾರಿಯೂ ವಿದೇಶಿ ಆಟಗಾರನಿಗೇ ಸಂದಿದೆ. 2024–25ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್‌ನ ಮೊರೊಕ್ಕೊ ಆಟಗಾರ ಅಲಾಉದ್ದೀನ್ ಅಜಾರೈ 23 ಗೋಲು ಗಳಿಸಿ ಈ ಪ್ರಶಸ್ತಿ ಪಡೆದರು.

ಮರುಪ್ರವೇಶ

2027ರ ಏಷ್ಯನ್ ಕಪ್ ಸೌದಿ ಅರೇಬಿಯಾದಲ್ಲಿ ನಿಗದಿಯಾಗಿದೆ. ಇದರ ಅಂತಿಮ ಅರ್ಹತಾ ಸುತ್ತಿನಲ್ಲಿ 24 ತಂಡಗಳನ್ನು ತಲಾ ನಾಲ್ಕರಂತೆ ಆರು ಗುಂಪುಗಳಾಗಿ ವಿಂಗಡಿಸಲಾಯಿತು. ಪ್ರತಿ ಗುಂಪಿನಿಂದ ಮೊದಲ ಸ್ಥಾನ ಪಡೆದ ತಂಡಕ್ಕೆ ಮಾತ್ರ ಅರ್ಹತೆ ದೊರೆಯುವುದರಿಂದ ಒಂದೊಂದು ಅಂಕವೂ ಮುಖ್ಯವಾಗಿತ್ತು. ಭಾರತವು ಹಾಂಗ್‌ಕಾಂಗ್, ಸಿಂಗಪುರ ಮತ್ತು ಬಾಂಗ್ಲಾದೇಶ ತಂಡಗಳೊಂದಿಗೆ ‘ಸಿ’ ಗುಂಪಿನಲ್ಲಿತ್ತು.

ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ನಡೆಯಬೇಕಿದ್ದ ಮೊದಲ ಪಂದ್ಯಕ್ಕೆ ಮಾರ್ಕ್ವೆಜ್ ಅವರು 26 ಆಟಗಾರರನ್ನು ಆರಿಸಿದರು. ಚೆಟ್ರಿ ಅವರೊಂದಿಗೆ ಫಾರೂಖ್ ಚೌಧರಿ, ಇರ್ಫಾನ್ ಯಾದ್ವಾಡ್, ಚಾಂಗ್ಟೆ ಮತ್ತು ಮನ್ವೀರ್ ಸಿಂಗ್ ಮುಂಪಡೆಗೆ ಆಯ್ಕೆಯಾದರು. ಹಿಂದಿನ ನವೆಂಬರ್‌ನಲ್ಲಿ ಮಲೇಷ್ಯಾ ವಿರುದ್ಧ ಗೋಲು ಪೆಟ್ಟಿಗೆ ಬಿಟ್ಟು ಮುಂದೆ ಬಂದು ಗೋಲು ಬಿಟ್ಟುಕೊಟ್ಟಿದ್ದ ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಅವರಿಗೆ ಈ ಪಟ್ಟಿಯಲ್ಲಿ ಸ್ಥಾನ ದೊರೆಯಲಿಲ್ಲ. ಒಂದೇ ಕ್ಲಬ್‌ನ ಇಬ್ಬರು ಹಿರಿಯರಲ್ಲಿ ಒಬ್ಬರು ಮರಳಿ, ಮತ್ತೊಬ್ಬರು ಹೊರಗುಳಿದದ್ದರಿಂದ ಬೆಂಗಳೂರಿನ ಅಭಿಮಾನಿಗಳ ಪಾಲಿಗೆ ಚರ್ಚೆಯ ವಿಷಯ ಎರಡಾಯಿತು.

ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ನಡೆದ ಸೌಹಾರ್ದ ಪಂದ್ಯದಲ್ಲಿ ಭಾರತ ಮಾಲ್ಡೀವ್ಸ್ ತಂಡವನ್ನು 3–0ರಿಂದ ಸೋಲಿಸಿತು. ರಾಹುಲ್ ಭೇಕೆ, ಲಿಸ್ಟನ್ ಕೊಲಾಸೊ ಮತ್ತು ಚೆಟ್ರಿ ಗೋಲು ಗಳಿಸಿದರು. ಚೆಟ್ರಿ ಅವರಿಗೆ ಇದು 95ನೆಯ ಅಂತರರಾಷ್ಟ್ರೀಯ ಗೋಲು. 2023ರ ನವೆಂಬರ್ 16ರಂದು ಕುವೈತ್ ವಿರುದ್ಧ ಗೆದ್ದ ನಂತರ 489 ದಿನಗಳಲ್ಲಿ ಭಾರತಕ್ಕೆ ದೊರೆತ ಮೊದಲ ಗೆಲುವೂ ಇದಾಗಿತ್ತು.

ಅಭಿಮಾನಿಗಳ ವಾದಗಳು

ಪರವಾದ ಅಭಿಪ್ರಾಯಗಳು

ಮರುಪ್ರವೇಶವನ್ನು ಬೆಂಬಲಿಸಿದವರ ಮುಖ್ಯ ಆಧಾರ ಆಟಗಾರನ ಸದ್ಯದ ಲಯ. ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಗಳಿಸಿದ ಭಾರತೀಯನನ್ನು ವಯಸ್ಸಿನ ಕಾರಣಕ್ಕೆ ಹೊರಗಿಡುವುದು ಆಯ್ಕೆಯ ತತ್ತ್ವಕ್ಕೆ ವಿರುದ್ಧ ಎಂಬುದು ಅವರ ನಿಲುವು. ಆಟಗಾರರನ್ನು ಬೆಳೆಸುವುದು ಕ್ಲಬ್‌ಗಳ ಮತ್ತು ಕಿರಿಯರ ತಂಡಗಳ ಕೆಲಸ. ಅರ್ಹತಾ ಪಂದ್ಯದಲ್ಲಿ ಗೆಲ್ಲುವುದು ರಾಷ್ಟ್ರೀಯ ತಂಡದ ಕೆಲಸ ಎಂದು ಅವರು ವಾದಿಸಿದರು. ಗುಂಪಿನಿಂದ ಒಂದೇ ತಂಡ ಮುನ್ನಡೆಯುವ ಸ್ಪರ್ಧೆಯಲ್ಲಿ ಪ್ರಯೋಗಕ್ಕೆ ಅವಕಾಶವಿಲ್ಲ ಎಂಬುದು ಅದರ ಮುಂದುವರಿಕೆ. ಕಿರಿಯ ಆಟಗಾರರಿಗೆ ಅಭ್ಯಾಸದಲ್ಲಿ ಹಿರಿಯರೊಬ್ಬರ ಜೊತೆ ದೊರೆಯುವುದೂ ಲಾಭವೆಂದು ಹೇಳಲಾಯಿತು.

ವಿರೋಧದ ಅಭಿಪ್ರಾಯಗಳು

ವಿರೋಧಿಸಿದವರಲ್ಲಿ ಹಲವರು ಚೆಟ್ರಿ ಅವರ ಅಭಿಮಾನಿಗಳೇ ಆಗಿದ್ದರು. ಕೋಲ್ಕತ್ತಾದಲ್ಲಿ ಗೌರವಪೂರ್ಣ ವಿದಾಯ ಪಡೆದ ಆಟಗಾರನನ್ನು ಒಂಬತ್ತೇ ತಿಂಗಳಲ್ಲಿ ಕರೆಸುವುದು ವ್ಯವಸ್ಥೆಯ ಸೋಲನ್ನು ಒಪ್ಪಿಕೊಂಡಂತೆ ಎಂದು ಅವರು ಭಾವಿಸಿದರು. ಏಷ್ಯನ್ ಕಪ್ ನಡೆಯುವ 2027ರ ಜನವರಿಯ ವೇಳೆಗೆ ಚೆಟ್ರಿ ಅವರಿಗೆ 42 ವರ್ಷ ತುಂಬಿರುತ್ತದೆ. ಆದ್ದರಿಂದ ಅರ್ಹತೆ ಗಳಿಸಿಕೊಡುವ ಆಟಗಾರನೇ ಮುಖ್ಯ ಪಂದ್ಯಾವಳಿಯಲ್ಲಿ ಆಡಲಾರ ಎಂಬುದು ಇನ್ನೊಂದು ಆಕ್ಷೇಪ. ಅವರಿಗೆ ದೊರೆಯುವ ಪ್ರತಿ ನಿಮಿಷವೂ ಕಿರಿಯ ಮುಂಪಡೆ ಆಟಗಾರನೊಬ್ಬನಿಗೆ ತಪ್ಪುವ ನಿಮಿಷ ಎಂಬ ಲೆಕ್ಕಾಚಾರವೂ ಇತ್ತು.

ಕ್ಲಬ್ ನಿಷ್ಠೆ ಮತ್ತು ತರಬೇತುದಾರರ ಎರಡು ಹುದ್ದೆಗಳು

ಭಾರತದಲ್ಲಿ ರಾಷ್ಟ್ರೀಯ ತಂಡದ ಬೆಂಬಲಿಗರು ವರ್ಷದ ಹೆಚ್ಚಿನ ಭಾಗ ಯಾವುದಾದರೂ ಕ್ಲಬ್‌ನ ಬೆಂಬಲಿಗರಾಗಿರುತ್ತಾರೆ. ಆದ್ದರಿಂದ ತಂಡದ ಪಟ್ಟಿ ಪ್ರಕಟವಾದಾಗ ಯಾವ ಕ್ಲಬ್‌ನಿಂದ ಎಷ್ಟು ಮಂದಿ ಎಂಬ ಎಣಿಕೆ ಮೊದಲು ನಡೆಯುತ್ತದೆ. ರಾಷ್ಟ್ರೀಯ ತಂಡದ ತರಬೇತುದಾರರು ಎಫ್‌ಸಿ ಗೋವಾದ ತರಬೇತುದಾರರೂ ಆಗಿದ್ದುದರಿಂದ ಈ ಎಣಿಕೆಗೆ 2025ರಲ್ಲಿ ಹೆಚ್ಚಿನ ಅರ್ಥ ಬಂದಿತು. ತಾವು ದಿನನಿತ್ಯ ನೋಡುವ ಆಟಗಾರರ ಕಡೆಗೆ ಒಲವು ಇರುವುದು ಸಹಜ ಎಂದು ಕೆಲವರು ಶಂಕಿಸಿದರೆ, ಲೀಗ್‌ನ ಒಳಗಿದ್ದು ಎಲ್ಲ ತಂಡಗಳನ್ನು ಎದುರಿಸುವ ತರಬೇತುದಾರನಿಗೆ ಆಟಗಾರರ ಪರಿಚಯ ಹೆಚ್ಚು ಎಂದು ಇತರರು ಉತ್ತರಿಸಿದರು.

ಈ ಎರಡು ಹುದ್ದೆಗಳು ಚೆಟ್ರಿ ಅವರ ಎದುರೇ ಮುಖಾಮುಖಿಯಾದ ಪ್ರಸಂಗವೂ ನಡೆಯಿತು. 2025ರ ಏಪ್ರಿಲ್‌ನಲ್ಲಿ ನಡೆದ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ ಎದುರಾದವು. ಮೊದಲ ಪಂದ್ಯವನ್ನು ಬೆಂಗಳೂರು 2–0ರಿಂದ ಗೆದ್ದಿತ್ತು. ಏಪ್ರಿಲ್ 6ರಂದು ಫತೋರ್ಡಾದಲ್ಲಿ ಗೋವಾ 2–0ರ ಮುನ್ನಡೆಯಿಂದ ಒಟ್ಟು ಗೋಲುಗಳಲ್ಲಿ ಸಮಬಲ ಸಾಧಿಸಿದ್ದಾಗ, ಪಂದ್ಯದ ಕೊನೆಯ ಗಳಿಗೆಯಲ್ಲಿ ಚೆಟ್ರಿ ಅವರು ತಲೆಯಿಂದ ಹೊಡೆದ ಗೋಲು ಬೆಂಗಳೂರನ್ನು ಫೈನಲ್‌ಗೆ ಒಯ್ದಿತು. ರಾಷ್ಟ್ರೀಯ ತಂಡಕ್ಕೆ ತಾವೇ ಮರಳಿ ಕರೆತಂದ ಆಟಗಾರನ ಗೋಲಿನಿಂದ ಮಾರ್ಕ್ವೆಜ್ ಅವರ ಕ್ಲಬ್ ಸ್ಪರ್ಧೆಯಿಂದ ಹೊರಬಿದ್ದಿತು.

ಬೆಂಗಳೂರು ಮತ್ತು ರಾಷ್ಟ್ರೀಯ ತಂಡ

ರಾಷ್ಟ್ರೀಯ ತಂಡದ ಆಯ್ಕೆಯೊಂದಿಗೆ ಬೆಂಗಳೂರಿನ ಸಂಬಂಧ ಚೆಟ್ರಿ ಅವರ ಕಾಲಕ್ಕಿಂತ ಹಳೆಯದು. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದಲ್ಲಿ ಅಂದಿನ ಮೈಸೂರು ಸಂಸ್ಥಾನದ ಆಟಗಾರರಿದ್ದರು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಾಗ, ಭಾರತದ ಏಕೈಕ ಗೋಲನ್ನು ಗಳಿಸಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಬಹುತೇಕ ಆಟಗಾರರು ಬೂಟುಗಳಿಲ್ಲದೆ ಆಡಿದ್ದರು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಕೆ. ಪಿ. ಧನರಾಜ್ ಅವರು ಮುಂದೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್‌ನ ‘ಪಂಚಪಾಂಡವರು’ ಎಂಬ ಪ್ರಸಿದ್ಧ ಮುಂಪಡೆಯ ಭಾಗವಾದರು. ಮಾರಿಯಪ್ಪ ಕೆಂಪಯ್ಯ ಅವರು 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ಆಡಿದರು. 1971ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಕಾರ್ಲ್‌ಟನ್ ಚಾಪ್ಮನ್ ಅವರು ಭಾರತ ತಂಡದ ನಾಯಕರಾಗಿದ್ದರು. ಮೈಸೂರು ತಂಡವು ನಾಲ್ಕು ಬಾರಿ ಗೆದ್ದಿದ್ದ ಸಂತೋಷ್ ಟ್ರೋಫಿಯನ್ನು 1968–69ರ ನಂತರ ಮೊದಲ ಬಾರಿಗೆ, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ ಮರಳಿ ಪಡೆಯಿತು. ಹಲಸೂರು ಸಮೀಪದ ಗೌತಮಪುರ ಮತ್ತು ಆಸ್ಟಿನ್ ಟೌನ್ ಬಡಾವಣೆಗಳು ಇಂದಿಗೂ ಫುಟ್‌ಬಾಲ್ ಕೇರಿಗಳೆಂದೇ ಹೆಸರಾಗಿವೆ. ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆ ಅವರ ಪ್ರತಿಮೆ ಇದೆ.

ಶ್ರೀ ಕಂಠೀರವ ಕ್ರೀಡಾಂಗಣವು ಚೆಟ್ರಿ ಅವರ ಹಲವು ಮುಖ್ಯ ಅಂತರರಾಷ್ಟ್ರೀಯ ಪಂದ್ಯಗಳಿಗೆ ಸಾಕ್ಷಿಯಾಗಿದೆ. 2015ರಲ್ಲಿ ವಿಶ್ವಕಪ್ ಅರ್ಹತೆಯ ಒಮಾನ್, ಇರಾನ್ ಮತ್ತು ಗುವಾಮ್ ವಿರುದ್ಧದ ಪಂದ್ಯಗಳು ಇಲ್ಲಿ ನಡೆದವು. 2017ರ ಜೂನ್ 13ರಂದು ಕಿರ್ಗಿಸ್ತಾನದ ವಿರುದ್ಧ ಚೆಟ್ರಿ ಅವರ ಏಕೈಕ ಗೋಲಿನಿಂದ ಭಾರತ ಗೆದ್ದಿತು. ಅದೇ ವರ್ಷ ಅಕ್ಟೋಬರ್ 11ರಂದು ಮಕಾವು ತಂಡವನ್ನು 4–1ರಿಂದ ಸೋಲಿಸಿ 2019ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದದ್ದೂ ಇದೇ ಮೈದಾನದಲ್ಲಿ. 2023ರ ಜೂನ್ 21ರಂದು ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಚೆಟ್ರಿ ಹ್ಯಾಟ್ರಿಕ್ ಗಳಿಸಿದರು. ಜುಲೈ 4ರಂದು ನಡೆದ ಫೈನಲ್‌ನಲ್ಲಿ ಕುವೈತ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಭಾರತ ಪ್ರಶಸ್ತಿ ಗೆದ್ದಿತು.

ಕ್ರೀಡಾಂಗಣದ ಪಶ್ಚಿಮ ಭಾಗದ ಆಸನಗಳಿಂದ ಹೆಸರು ಪಡೆದ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬೆಂಗಳೂರು ಎಫ್‌ಸಿಯ ಸಂಘಟಿತ ಬೆಂಬಲಿಗರ ಗುಂಪು. ನಗರದಲ್ಲಿ ಫುಟ್‌ಬಾಲ್ ನೋಡುವ ಹೊಸ ಪೀಳಿಗೆಯೊಂದು ಚೆಟ್ರಿ ಅವರ ಆಟದೊಂದಿಗೇ ಬೆಳೆದಿದೆ. 1948ರಲ್ಲಿ ದೇಶದ ಮುಂಪಡೆಗೆ ಸ್ಥಳೀಯರನ್ನೇ ಒದಗಿಸಿದ ನಗರವು, 2025ರಲ್ಲಿ ತನ್ನ ಕ್ಲಬ್‌ನ 40 ವರ್ಷದ ಆಟಗಾರನನ್ನು ಮತ್ತೆ ಒದಗಿಸಬೇಕಾಗಿ ಬಂದದ್ದು ಚರ್ಚೆಗೆ ಸ್ಥಳೀಯ ಆಯಾಮವನ್ನು ನೀಡಿತು.

ಅರ್ಹತಾ ಪಂದ್ಯಗಳು

‘ಸಿ’ ಗುಂಪಿನಲ್ಲಿ 2025ರಲ್ಲಿ ಭಾರತ ಆಡಿದ ಪಂದ್ಯಗಳ ಫಲಿತಾಂಶ ಹೀಗಿದೆ:

* ಮಾರ್ಚ್ 25, ಶಿಲ್ಲಾಂಗ್: ಭಾರತ 0–0 ಬಾಂಗ್ಲಾದೇಶ
* ಜೂನ್ 10, ಹಾಂಗ್‌ಕಾಂಗ್: ಹಾಂಗ್‌ಕಾಂಗ್ 1–0 ಭಾರತ
* ಅಕ್ಟೋಬರ್ 9, ಸಿಂಗಪುರ: ಸಿಂಗಪುರ 1–1 ಭಾರತ
* ಅಕ್ಟೋಬರ್ 14, ಮಡಗಾಂವ್: ಭಾರತ 1–2 ಸಿಂಗಪುರ
* ನವೆಂಬರ್ 18, ಢಾಕಾ: ಬಾಂಗ್ಲಾದೇಶ 1–0 ಭಾರತ

ಬಾಂಗ್ಲಾದೇಶದ ವಿರುದ್ಧದ ಮೊದಲ ಪಂದ್ಯದಲ್ಲಿ ಇಂಗ್ಲೆಂಡ್‌ನಲ್ಲಿ ಬೆಳೆದ ಹಮ್ಜಾ ಚೌಧರಿ ಅವರು ಆ ದೇಶದ ಪರ ಮೊದಲ ಬಾರಿ ಆಡಿದರು. ಪಂದ್ಯ ಗೋಲುರಹಿತ ಡ್ರಾ ಆದ ನಂತರ ಮಾರ್ಕ್ವೆಜ್ ಅವರು ತಂಡದ ಆಟದ ಬಗ್ಗೆ ತೀವ್ರ ಅಸಮಾಧಾನ ವ್ಯಕ್ತಪಡಿಸಿದರು. ಹಾಂಗ್‌ಕಾಂಗ್‌ನಲ್ಲಿ ಚೆಟ್ರಿ ಅವರು ಬದಲಿ ಆಟಗಾರನಾಗಿ ಕಣಕ್ಕಿಳಿದರು. ಆ ಪಂದ್ಯದಲ್ಲಿ ಹೆಚ್ಚುವರಿ ನಿಮಿಷಗಳಲ್ಲಿ ಬಿಟ್ಟುಕೊಟ್ಟ ಪೆನಾಲ್ಟಿಯಿಂದ ಭಾರತ ಸೋತಿತು. ಜುಲೈ ಆರಂಭದಲ್ಲಿ ಮಾರ್ಕ್ವೆಜ್ ಅವರು ಹುದ್ದೆ ತೊರೆದರು.

2025ರ ಆಗಸ್ಟ್ 1ರಂದು ಖಾಲಿದ್ ಜಮೀಲ್ ಅವರು ಮುಖ್ಯ ತರಬೇತುದಾರರಾಗಿ ನೇಮಕಗೊಂಡರು. ಮಧ್ಯ ಏಷ್ಯಾ ಒಕ್ಕೂಟದ ನೇಷನ್ಸ್ ಕಪ್‌ಗೆ ಅವರು ಚೆಟ್ರಿ ಅವರನ್ನು ಆರಿಸಲಿಲ್ಲ. ಗುರುಪ್ರೀತ್ ಸಿಂಗ್ ಸಂಧು ಅವರನ್ನು ಮರಳಿ ಕರೆಸಿದರು. ಆ ಪಂದ್ಯಾವಳಿಯಲ್ಲಿ ಭಾರತ ತಜಿಕಿಸ್ತಾನವನ್ನು 2–1ರಿಂದ ಸೋಲಿಸಿತು. ಮೂರನೆಯ ಸ್ಥಾನದ ಪಂದ್ಯದಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಗಳಲ್ಲಿ ಮಣಿಸಿದಾಗ ಸಂಧು ಅವರ ತಡೆ ನಿರ್ಣಾಯಕವಾಯಿತು. ತಜಿಕಿಸ್ತಾನದ ವಿರುದ್ಧ ಗೋಲು ಗಳಿಸಿದ ಅನ್ವರ್ ಅಲಿ ಮತ್ತು ಸಂದೇಶ್ ಜಿಂಗನ್ ಇಬ್ಬರೂ ರಕ್ಷಣಾ ಆಟಗಾರರು. ಒಮಾನ್ ವಿರುದ್ಧ ಸಮಬಲದ ಗೋಲು ಗಳಿಸಿದ ಉದಾಂತ ಸಿಂಗ್ ಅವರು ವಿಂಗರ್. ತಂಡ ಗೆದ್ದಾಗಲೂ ಮುಂಪಡೆಯ ನಡು ಆಟಗಾರನಿಂದ ಗೋಲು ಬರಲಿಲ್ಲ.

ಅಕ್ಟೋಬರ್‌ನ ಎರಡು ಪಂದ್ಯಗಳಿಗೆ ಜಮೀಲ್ ಅವರು ಚೆಟ್ರಿ ಅವರನ್ನು ಮತ್ತೆ ಕರೆಸಿದರು. ವಾಣಿಜ್ಯ ಹಕ್ಕುಗಳ ಒಪ್ಪಂದದ ಅನಿಶ್ಚಿತತೆಯಿಂದ ಐಎಸ್‌ಎಲ್‌ನ ಮುಂದಿನ ಋತುವನ್ನು 2025ರ ಜುಲೈನಲ್ಲಿ ತಡೆಹಿಡಿಯಲಾಗಿತ್ತು. ಹೀಗಾಗಿ ಆಟಗಾರರು ಲೀಗ್ ಪಂದ್ಯಗಳ ಅಭ್ಯಾಸವಿಲ್ಲದೆ ರಾಷ್ಟ್ರೀಯ ಶಿಬಿರಕ್ಕೆ ಬರಬೇಕಾಯಿತು. ಸಿಂಗಪುರದಲ್ಲಿ ಜಿಂಗನ್ ಅವರು ಕೆಂಪು ಕಾರ್ಡ್ ಪಡೆದ ನಂತರ ಹತ್ತು ಮಂದಿಯೊಂದಿಗೆ ಆಡಿದ ಭಾರತಕ್ಕೆ, ಬದಲಿ ಆಟಗಾರ ರಹೀಮ್ ಅಲಿ 90ನೆಯ ನಿಮಿಷದಲ್ಲಿ ಗಳಿಸಿದ ಗೋಲಿನಿಂದ ಒಂದು ಅಂಕ ದೊರೆಯಿತು. ಐದು ದಿನಗಳ ಬಳಿಕ ಮಡಗಾಂವ್‌ನ ಫತೋರ್ಡಾದಲ್ಲಿ ಚಾಂಗ್ಟೆ ಅವರು ಭಾರತಕ್ಕೆ ಮುನ್ನಡೆ ತಂದರೂ ಸಿಂಗಪುರದ ಸಾಂಗ್ ಉಯಿ ಯಂಗ್ ಅವರ ಎರಡು ಗೋಲುಗಳಿಂದ ಭಾರತ ಸೋತು, ಅರ್ಹತೆಯ ಅವಕಾಶವನ್ನು ಕಳೆದುಕೊಂಡಿತು. ನವೆಂಬರ್ 18ರಂದು ಹಾಂಗ್‌ಕಾಂಗ್ ತಂಡವನ್ನು ಸೋಲಿಸಿದ ಸಿಂಗಪುರ ಈ ಗುಂಪಿನಿಂದ ಅರ್ಹತೆ ಪಡೆಯಿತು.

ನಂತರದ ಬೆಳವಣಿಗೆಗಳು

2025ರ ನವೆಂಬರ್‌ನಲ್ಲಿ ಚೆಟ್ರಿ ಅವರು ಅಂತರರಾಷ್ಟ್ರೀಯ ಫುಟ್‌ಬಾಲ್‌ನಿಂದ ಮತ್ತೆ ನಿವೃತ್ತರಾಗಿರುವುದನ್ನು ಖಚಿತಪಡಿಸಿದರು. ಮರುಪ್ರವೇಶದ ನಂತರ ಅವರು ಆರು ಪಂದ್ಯಗಳನ್ನಾಡಿ ಒಂದು ಗೋಲು ಗಳಿಸಿದರು. ಅರ್ಹತಾ ಪಂದ್ಯಗಳಲ್ಲಿ ಅವರಿಂದ ಗೋಲು ಬರಲಿಲ್ಲ. ಅವರ ಒಟ್ಟು ದಾಖಲೆ 157 ಪಂದ್ಯಗಳಲ್ಲಿ 95 ಗೋಲು.

ಅದೇ ತಿಂಗಳು ಆಯ್ಕೆಯ ಚರ್ಚೆ ಪೌರತ್ವದ ಪ್ರಶ್ನೆಯತ್ತ ತಿರುಗಿತು. ಆಸ್ಟ್ರೇಲಿಯಾದಲ್ಲಿ ಜನಿಸಿದ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಅವರು ಆ ದೇಶದ ಪೌರತ್ವ ತ್ಯಜಿಸಿ ಭಾರತದ ಪಾಸ್‌ಪೋರ್ಟ್ ಪಡೆದರು. ಮುಂಬಯಿಯ ಆಂಗ್ಲೋ ಇಂಡಿಯನ್ ಕುಟುಂಬ ಅವರ ತಾಯಿಯ ತವರು. ಬೆಂಗಳೂರಿನಲ್ಲಿ ನಡೆದ ರಾಷ್ಟ್ರೀಯ ಶಿಬಿರಕ್ಕೆ ಅವರನ್ನು ಕರೆಯಲಾಯಿತಾದರೂ, ಹಿಂದೆ ಆಸ್ಟ್ರೇಲಿಯಾ ಪರ ಆಡಿದ್ದ ಕಾರಣ ಅಗತ್ಯವಿದ್ದ ಅನುಮತಿ ಸಕಾಲದಲ್ಲಿ ದೊರೆಯದೆ ಢಾಕಾ ಪಂದ್ಯದಲ್ಲಿ ಆಡಲಾಗಲಿಲ್ಲ. ನವೆಂಬರ್ 18ರ ಆ ಪಂದ್ಯದಲ್ಲಿ ಬಾಂಗ್ಲಾದೇಶ 1–0ರಿಂದ ಗೆದ್ದಿತು. ಭಾರತದ ವಿರುದ್ಧ ಆ ದೇಶಕ್ಕೆ 2003ರ ನಂತರ ದೊರೆತ ಮೊದಲ ಜಯ ಇದು.

ಮಹತ್ವ

ಈ ಚರ್ಚೆಯ ಎರಡೂ ಪಕ್ಷಗಳ ವಾದಕ್ಕೆ ಫಲಿತಾಂಶಗಳು ಒಂದಷ್ಟು ಆಧಾರ ಒದಗಿಸಿದವು. ಚೆಟ್ರಿ ಅವರ ಮರಳುವಿಕೆಯಿಂದ ಅರ್ಹತೆ ದೊರೆಯಲಿಲ್ಲ. ಅವರಿಲ್ಲದೆ ಆಡಿದ ಪಂದ್ಯಗಳಲ್ಲೂ ಗೋಲಿನ ಕೊರತೆ ನೀಗಲಿಲ್ಲ. 2025ರ ಐದು ಅರ್ಹತಾ ಪಂದ್ಯಗಳಲ್ಲಿ ಭಾರತ ಗಳಿಸಿದ್ದು ಎರಡು ಗೋಲು ಮತ್ತು ಎರಡು ಅಂಕ. ಹೀಗಾಗಿ ‘ಚೆಟ್ರಿ ಇರಬೇಕೇ, ಬೇಡವೇ’ ಎಂಬ ಪ್ರಶ್ನೆಯ ಸ್ಥಾನದಲ್ಲಿ ಬೇರೆ ಪ್ರಶ್ನೆಗಳು ಮುಂದೆ ಬಂದವು: ಮೈದಾನದಲ್ಲಿರಬಹುದಾದ ವಿದೇಶಿ ಆಟಗಾರರ ಸಂಖ್ಯೆ, ಭಾರತೀಯ ಮುಂಪಡೆ ಆಟಗಾರರಿಗೆ ದೊರೆಯುವ ನಿಮಿಷಗಳು, ಲೀಗ್‌ನ ನಿಶ್ಚಿತ ವೇಳಾಪಟ್ಟಿ ಮತ್ತು ಭಾರತ ಮೂಲದ ಆಟಗಾರರ ಪೌರತ್ವ. ರಾಷ್ಟ್ರೀಯ ತಂಡದ ತರಬೇತುದಾರರು ಲೀಗ್ ಒದಗಿಸುವ ಆಟಗಾರರಲ್ಲಿ ಮಾತ್ರ ಆರಿಸಬಲ್ಲರು. 2025ರ ಮಾರ್ಚ್‌ನಲ್ಲಿ ಆ ಲೀಗ್ ಒದಗಿಸಿದ ಅತ್ಯುತ್ತಮ ಭಾರತೀಯ ಗೋಲುಗಾರ 40 ವರ್ಷದವರಾಗಿದ್ದರು.

ಇವನ್ನೂ ನೋಡಿ

* ಭಾರತ ರಾಷ್ಟ್ರೀಯ ಫುಟ್‌ಬಾಲ್ ತಂಡ
* ಸುನಿಲ್ ಚೆಟ್ರಿ
* ಬೆಂಗಳೂರು ಎಫ್‌ಸಿ
* ಶ್ರೀ ಕಂಠೀರವ ಕ್ರೀಡಾಂಗಣ
* ಸಂತೋಷ್ ಟ್ರೋಫಿ
* ಇಂಡಿಯನ್ ಸೂಪರ್ ಲೀಗ್